ಮೂರನೆಯ ಗುಂಡಿಯ ದೀಪ

ಮತ್ತೆ ಬಿದ್ದ.

ಅಡುಗೆಮನೆಯಲ್ಲಿದ್ದ ನೆವೆಂಕ ಹೋಗಿ ನೋಡಬೇಕಾಗಿರಲಿಲ್ಲ. ಪರದೆಯ ಮೇಲಿನ ಪುಟ್ಟ ಅಂಚೆಯವ ಗುಂಡಿಗೆ ಬಿದ್ದಾಗ ಕೇಳುವ ಆ ಇಳಿಯುವ ರಾಗ ಅವಳಿಗೂ ಬಾಯಿಪಾಠವಾಗಿತ್ತು.

"ಯಂತ್ರ ತಡ ಮಾಡ್ತಿದೆ," ಎಂದ ಗಂಡ ವ್ಲಾಟ್ಕೊ ಒಳಗಿನಿಂದ. "ನಾನು ಸರಿಯಾಗೇ ಒತ್ತಿದೆ."

"ತಲೆ ನರೆತಿದೆ. ಗುರುವಾರ ವಿಚಾರಣೆ ಇದೆ. ಅದಾದ್ರೂ ನೆನಪಿದೆಯಾ?"

ಆಟ ಮತ್ತೆ ಶುರುವಾಯಿತು.

ವ್ಲಾಟ್ಕೊ ನಗರದ ಬಸ್ ಚಾಲಕ. ಕಳೆದ ತಿಂಗಳು ದ್ರಾವಾ ನದಿಯ ಸೇತುವೆಯ ಹತ್ತಿರ, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಹೆಂಗಸೊಬ್ಬಳಿಗೆ ಅವನ ಬಸ್ಸು ಬಡಿದಿತ್ತು. ಆಕೆಯ ಸೊಂಟದ ಮೂಳೆ ಮುರಿಯಿತು; ಜೀವ ಉಳಿಯಿತು. "ನಾನು ತಕ್ಷಣ ಒತ್ತಿದೆ, ಬ್ರೇಕ್ ತಡವಾಗಿ ಹಿಡಿಯಿತು" ಎಂದು ಅವನು ಅಲ್ಲೇ ಪೊಲೀಸರಿಗೆ ಹೇಳಿದ. ಆ ಬ್ರೇಕನ್ನು ಹಿಂದಿನ ವಾರವಷ್ಟೇ ರಿಪೇರಿ ಮಾಡಿದ್ದವನು ಡಿಪೋದ ಮೆಕ್ಯಾನಿಕ್ ಪಾವೊ. ಬಸ್ಸನ್ನು ಪರೀಕ್ಷಿಸಿದ ತಜ್ಞ ದೋಷ ಇತ್ತೆಂದೂ ಬರೆಯಲಿಲ್ಲ, ಇರಲಿಲ್ಲವೆಂದೂ ಬರೆಯಲಿಲ್ಲ. ಪಾವೊ ಅಮಾನತಾದ. ಗುರುವಾರ ವ್ಲಾಟ್ಕೊ ಅದೇ ಮಾತನ್ನು ಇನ್ನೊಮ್ಮೆ ಹೇಳಿದರೆ ಪಾವೊನ ಕೆಲಸ ಹೋಗುತ್ತದೆ, ಮೊಕದ್ದಮೆಯೂ ಬೀಳಬಹುದು. ಹೇಳದಿದ್ದರೆ ಅದೆಲ್ಲ ವ್ಲಾಟ್ಕೊನ ತಲೆಗೆ.

ಪಾವೊ ಬರೀ ಜೊತೆ ಕೆಲಸದವನಾಗಿದ್ದರೆ ನೆವೆಂಕ ಇಷ್ಟು ಹೆದರುತ್ತಿರಲಿಲ್ಲ. ಅವನು ಅವರ ಮದುವೆಗೆ ಸಾಕ್ಷಿ ನಿಂತ ಕೂಮ್. ಈ ಕಡೆ ಕೂಮ್ ಎಂದರೆ ಒಡಹುಟ್ಟಿದವನಿಗಿಂತ ಒಂದು ತೂಕ ಹೆಚ್ಚು; ಅವಳು ಅವನಿಗೆ ಕೂಮಾ. ಗಂಡನ ಮನಸ್ಸು ಎಲ್ಲಿ ಕರಗಿಬಿಡುತ್ತದೋ ಎಂದು ಅವಳು ಅವನ ಫೋನಿನ ಮೇಲೂ ಕಣ್ಣಿಟ್ಟಿದ್ದಳು.

ಗಂಡ ಮಾತ್ರ ಆಟಕ್ಕೆ ಅಂಟಿಕೊಂಡಿದ್ದ. ಹುಡುಗನಾಗಿದ್ದಾಗ, ರೇಡಿಯೊದವರು ಆಟದ ಪ್ರೋಗ್ರಾಮನ್ನೇ ಸದ್ದಾಗಿಸಿ ಬಿತ್ತರಿಸುತ್ತಿದ್ದ ಕಿರುಚನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡು, ಅದನ್ನು ಕಂಪ್ಯೂಟರಿಗೆ ಉಣಿಸಿ ಆಡಿದ್ದ ಆಟ. ಗುಂಡಿಯ ಅಂಚಿನಲ್ಲಿ ಕೆಂಪು ದೀಪ ಹೊತ್ತಿದ ಕ್ಷಣವೇ ಹಾರಬೇಕು. ಮೊದಲೆರಡು ಗುಂಡಿಗಳಲ್ಲಿ ದೀಪ ಸ್ವಲ್ಪ ಹೊತ್ತು ಇರುತ್ತದೆ. ಮೂರನೆಯದರಲ್ಲಿ ಕಣ್ಣು ಮಿಟುಕಿಸುವಷ್ಟೇ. ಆಗ ಅವನು ಬ್ರೆಡ್ ಕಚ್ಚುತ್ತ ಅದನ್ನು ದಾಟುತ್ತಿದ್ದ.

ಈಗ ಮೊದಲು ಲ್ಯಾಪ್‌ಟಾಪಿನಲ್ಲಿ ಆಡಿದ. ಬಿದ್ದ. ಲ್ಯಾಪ್‌ಟಾಪು ಹಳೆಯ ಕಂಪ್ಯೂಟರನ್ನು ತಂತ್ರಾಂಶದಿಂದ ಅನುಕರಿಸುತ್ತದೆ, ನಡುವೆ ಚೂರು ತಡವಾಗುತ್ತದೆ ಎಂದು ಓದಿದ. ಪಾರ್ಸೆಲಿನಲ್ಲಿ ಅಂಗೈಯಗಲದ ಬೋರ್ಡು ಬಂತು. ಅದರ ಚಿಪ್ ಹಳೆಯ ಯಂತ್ರದ ಸರ್ಕ್ಯೂಟನ್ನೇ ತನ್ನೊಳಗೆ ಕಟ್ಟಿಕೊಳ್ಳುತ್ತದೆ. ನಟಿಸುವುದಿಲ್ಲ, ಅದೇ ಆಗಿಬಿಡುತ್ತದೆ. ಮೆಮೊರಿ ಕಾರ್ಡಿಗೆ ಬೇಕಾದ ಫೈಲುಗಳನ್ನು ತುಂಬಿ, ಟಿವಿಗೆ ಜೋಡಿಸಿ ಆಡಿದ. ಬಿದ್ದ. ತಂತಿಯಿಲ್ಲದ ಜಾಯ್‌ಸ್ಟಿಕ್ ಬದಿಗಿಟ್ಟು ತಂತಿಯಿರುವುದನ್ನು ತಂದ. ಆಗಲೂ ಬಿದ್ದ.

"ಕಂತಿನಲ್ಲಿ ಯಾಕೆ ಹುಚ್ಚು? ಎಲ್ಲ ಒಟ್ಟಿಗೇ ತಂದು ಮುಗಿಸು," ಎಂದಳು ನೆವೆಂಕ.

"ಉಹೂಂ. ಎರಡು ಒಟ್ಟಿಗೆ ಬದಲಾಯಿಸಿದ್ರೆ ತಪ್ಪು ಯಾವುದರದ್ದು ಅಂತ ಗೊತ್ತಾಗಲ್ಲ. ಪಾವೊ ಗ್ಯಾರೇಜಿನಲ್ಲಿ ಹೀಗೇ ಮಾಡೋದು."

ಆ ಹೆಸರು ಕೇಳಿ ಅವಳು ಅವನ ಫೋನಿನ ಕಡೆ ನೋಡಿದಳು.

ಬುಧವಾರ ಮಧ್ಯಾಹ್ನ ಕರೆಗಂಟೆ ಸದ್ದು ಮಾಡಿತು. ಬಾಗಿಲಲ್ಲಿ ಪಾವೊ, ತೋಳುಗಳ ತುಂಬ ಒಂದು ಹಳೆಯ, ಹೊಟ್ಟೆ ಉಬ್ಬಿದ ಟಿವಿ.

"ದಾರಿ ಬಿಡು ಕೂಮಾ, ಬೆನ್ನು ಬಿದ್ದುಹೋಗ್ತಿದೆ."

"ಇದೇನಿದು?"

"ಅವನೇ ಫೋನ್ ಮಾಡಿ ಕೇಳ್ದ. ಚಪ್ಪಟೆ ಟಿವಿ ಚಿತ್ರಾನ ತಡವಾಗಿ ತೋರಿಸುತ್ತಂತೆ. ಇದರಲ್ಲಿ ಆ ಕಾಯಿಲೆ ಇಲ್ಲ. ನಮ್ಮಪ್ಪ ಫುಟ್‌ಬಾಲ್ ನೋಡ್ತಾ ಬೈದ ಬೈಗುಳ ಎಲ್ಲ ಇದರೊಳಗೇ ಇದೆ."

"ನಾಳೆ ವಿಚಾರಣೆ, ಇವತ್ತು ಉಡುಗೊರೆ. ಚೆನ್ನಾಗಿದೆ."

"ಉಡುಗೊರೆ ಅಲ್ಲ ತಾಯಿ, ಎರವಲು." ಪಾವೊ ಟಿವಿ ಇಳಿಸಿ ಬೆವರು ಒರೆಸಿಕೊಂಡ. "ಕೆಲಸ ಇಲ್ಲದೆ ಮನೇಲಿ ಕೂರೋನಿಗೆ ಟಿವಿ ಬೇಕಾಗುತ್ತೆ. ವಾಪಸ್ ಕೊಡಿ."

ಅವಳು ಕುಳಿತುಕೋ ಎನ್ನಲಿಲ್ಲ. ಆ ಮನೆಯಿಂದ ಕೂಮ್ ಕಾಫಿ ಕುಡಿಯದೆ ಹೊರಟದ್ದು ಅದೇ ಮೊದಲು. ಗಂಡ ಕೋಣೆಯಿಂದ ಹೊರಗೇ ಬರಲಿಲ್ಲ.

ವ್ಲಾಟ್ಕೊ ಬೋರ್ಡಿನ ಕೇಬಲನ್ನು ಹಳೆಯ ಟಿವಿಗೆ ಸಿಕ್ಕಿಸಿದ. ಗಾಜು ಗುಂಯ್‌ಗುಟ್ಟಿತು, ಅಂಚೆಯವ ಕಾಣಿಸಿಕೊಂಡ. ಒಂದು ಗುಂಡಿ. ಎರಡು. ಮೂರನೆಯದರಲ್ಲಿ ಮತ್ತೆ ಅದೇ ರಾಗ.

ವ್ಲಾಟ್ಕೊ ಅಡುಗೆಮನೆಯತ್ತ ತಿರುಗಿ ಕೂಗಿದ.

"ನೆವಾ, ಇಲ್ಲಿ ಬಾ. ನೀನೊಂದ್ಸಲ ಆಡು."

"ನಾನಾ? ಕೈಯೆಲ್ಲ ಹಿಟ್ಟು."

"ದೀಪ ಕಂಡ ತಕ್ಷಣ ಒತ್ತು. ಅಷ್ಟೇ." ಅಂಚೆಯವನನ್ನು ಮೂರನೆಯ ಗುಂಡಿಯ ಅಂಚಿಗೆ ತಂದು ನಿಲ್ಲಿಸಿ ಜಾಯ್‌ಸ್ಟಿಕ್ ಅವಳ ಕೈಗಿಟ್ಟ.

ಅವಳು ಏಪ್ರನ್ನಿಗೆ ಕೈ ಒರೆಸಿಕೊಂಡಳು. ದೀಪ ಹೊತ್ತಿತು. ಒತ್ತಿದಳು. ಅಂಚೆಯವ ಆಚೆ ದಡದಲ್ಲಿದ್ದ.

ನೆವೆಂಕ ಕಿರುಚಿ ನಕ್ಕಳು. ಆ ಮನೆಯಲ್ಲಿ ಒಂದು ತಿಂಗಳಿಂದ ಯಾರೂ ನಕ್ಕಿರಲಿಲ್ಲ. "ನೋಡ್ದಾ! ರಿಪೇರಿ ಆಯ್ತು ನಿನ್ನ ಯಂತ್ರ!"

"ಇನ್ನೊಂದ್ಸಲ."

ಮತ್ತೆ ದಾಟಿಸಿದಳು. ಅವನು ಪರದೆ ನೋಡುತ್ತಿರಲಿಲ್ಲ. ಅವಳ ಹೆಬ್ಬೆರಳನ್ನೇ ನೋಡುತ್ತಿದ್ದ.

"ಸರಿ, ಆಟ ಸಾಕು," ಎಂದಳು. "ನಾಳೆ ಹೇಳಿದ್ದನ್ನೇ ಹೇಳು. ಅವನ ಟಿವಿಗೆ ಮರುಳಾಗಬೇಡ."

"ಟಿವಿಗೆ ಯಾರು ಮರುಳಾದ್ರು?" ಎಂದ ವ್ಲಾಟ್ಕೊ. ಪ್ಲಗ್ ಕಿತ್ತ. ತಂತಿಗಳನ್ನೆಲ್ಲ ಸುತ್ತಿ, ಬೋರ್ಡನ್ನು ಅದು ಬಂದ ಡಬ್ಬಿಯಲ್ಲೇ ಇಟ್ಟು ಮುಚ್ಚಿದ. ಹುಚ್ಚು ಬಿಟ್ಟಿತೆಂದು ನೆವೆಂಕ ಸಮಾಧಾನದಿಂದ ಒಲೆಯ ಕಡೆ ಹೋದಳು.

ಗುರುವಾರ ವಿಚಾರಣೆಯ ಕೋಣೆಯಲ್ಲಿ ಪಾವೊ ಹಿಂದಿನ ಸಾಲಿನಲ್ಲಿ, ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಕುಳಿತಿದ್ದ. ನೆವೆಂಕ ಅವನತ್ತ ತಿರುಗಲಿಲ್ಲ. ಸಮಿತಿಯ ಅಧ್ಯಕ್ಷೆ ತಲೆಯೆತ್ತಿ ಕೇಳಿದರು: "ಬ್ರೇಕ್ ತಡವಾಗಿ ಹಿಡಿಯಿತು ಅಂದಿದ್ದಿರಿ. ಈಗಲೂ ಅದನ್ನೇ ಹೇಳ್ತೀರಾ?"

"ಇಲ್ಲ ಮೇಡಂ, ಬ್ರೇಕ್ ಸರಿಯಾಗೇ ಇತ್ತು," ಎಂದ ವ್ಲಾಟ್ಕೊ. "ಮನೇಲಿ ಒಂದೊಂದೇ ಭಾಗ ಬದಲಾಯಿಸ್ತಾ ಬಂದೆ. ಕೊನೆಗೆ ನನ್ನನ್ನೇ ಬದಲಾಯಿಸಿ ನೋಡ್ದೆ. ತಡ ಹೋಯ್ತು."