ಅಪ್ಪ ಪಾಸಾದದ್ದು

“ನಿಮ್ಮ ತಂದೆಯವರನ್ನ ಇದಕ್ಕೆ ಸೇರಿಸಿಕೊಳ್ಳೋಕಾಗಲ್ಲಮ್ಮ,” ಎಂದು ಡಾಕ್ಟರು ಕನ್ನಡಕ ತೆಗೆದರು. “ನೆನಪಿನ ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಎಲ್ಲಾ ಸರಿಯಾಗೇ ಹೇಳಿದಾರೆ. ಇದು ಮರೆವಿನ ಕಾಯಿಲೆಯವರ ಮೇಲೆ ಪರೀಕ್ಷಿಸ್ತಿರೋ ಔಷಧಿ.”

ಮಗಳಿಗೆ ತಲೆ ಧಿಮ್ಮೆಂದಿತು. ಮಿದುಳಿನ ಸುತ್ತ ಒಂದು ಬೇಲಿಯಿದೆಯಂತೆ. ಎಷ್ಟೋ ಔಷಧಿಗಳು ಅದರಾಚೆಗೇ ನಿಂತುಬಿಡುತ್ತವಂತೆ. ಇದನ್ನಾದರೆ ಕಣ್ಣಿಗೆ ಕಾಣದ ನ್ಯಾನೋ ಕಣಗಳಲ್ಲಿ ತುಂಬಿ ಮೂಗಿಗೆ ಸಿಂಪಡಿಸುತ್ತಾರೆ, ನುಸುಳಿಕೊಂಡು ಒಳಗೆ ಹೋಗುತ್ತದೆ ಎಂದು ಇದೇ ಡಾಕ್ಟರು ಹೇಳಿದ್ದರು. ಈ ಒಂದು ಸೀಟಿಗಾಗಿ ಅವಳು ಯಾರ್ಯಾರ ಕೈಕಾಲು ಹಿಡಿದಿದ್ದಳೋ!

“ಸಾರ್, ಬೆಳಿಗ್ಗೆ ಹಲ್ಲುಜ್ಜೋ ಪೇಸ್ಟ್ ಹಚ್ಕೊಂಡು ಗಡ್ಡ ಕೆರ್ಕೊಂಡಿದಾರೆ ನಮ್ಮಪ್ಪ!”

“ಇರಬಹುದು. ನಾನು ಮಾರ್ಕು ನೋಡ್ಬೇಕಲ್ಲಮ್ಮ? ಸೇರಿಸ್ಕೊಳ್ಳೋಕೆ ಇವತ್ತೇ ಕೊನೆ ಬೇರೆ.”

ಹೊರಗಿನ ಬೆಂಚಿನ ಮೇಲೆ ತಂದೆಯ ಪಕ್ಕದಲ್ಲಿ ತಾಯಿ ಯುದ್ಧ ಗೆದ್ದವಳ ಹಾಗೆ ಕೂತಿದ್ದಳು.

“ಎಷ್ಟು ಬಂತೇ ಮಾರ್ಕು?”

ಆ ಮುಖ ನೋಡಿಯೇ ಮಗಳಿಗೆ ಅನುಮಾನ ಬಂತು. “ಅಮ್ಮಾ, ಏನ್ ಮಾಡ್ದೆ ನೀನು?”

“ಇನ್ನೇನ್ ಮಾಡ್ಲಿ? ಹೋದ ಸಲ ನನ್ನೆದುರಿಗೇ ಕೇಳಿದ್ರಲ್ಲ ಪ್ರಶ್ನೆಗಳ್ನ. ದಿನಾ ಕೂರಿಸ್ಕೊಂಡು ಬಾಯಿಪಾಠ ಮಾಡಿಸ್ದೆ. ತಾರೀಕು, ವಾರ ಎಲ್ಲಾ ಬಸ್ಸಲ್ಲಿ ಬರ್ತಾ ಇನ್ನೊಂದ್ಸಲ ಒಪ್ಪಿಸ್ಕೊಂಡೆ.”

“ಅಯ್ಯೋ ನನ್ನ ಕರ್ಮವೇ! ಫೇಲಾದ್ರೇನೇ ಔಷಧಿ ಕೊಡೋದಮ್ಮಾ!”

“ಸೀಟು ಅಂದೆ, ಪರೀಕ್ಷೆ ಅಂದೆ. ಫೇಲಾದವ್ರಿಗೆ ಸೀಟು ಕೊಡ್ತಾರೆ ಅಂತ ಯಾರಿಗೇ ಹೊಳೆಯತ್ತೆ? ಮೊದ್ಲೇ ಬಾಯ್ಬಿಟ್ಟು ಹೇಳೋಕೇನಾಗಿತ್ತು ನಿಂಗೆ?”

ಮಗಳು ಹಣೆ ಚಚ್ಚಿಕೊಂಡಳು. ಹೇಳಿರಲಿಲ್ಲ, ನಿಜ. ಇದನ್ನೂ ಬಿಡಿಸಿ ಹೇಳಬೇಕಾಗುತ್ತದೆಂದು ಅವಳಿಗೇನು ಕನಸು ಬಿದ್ದಿತ್ತೆ? ರೇಗುವುದಕ್ಕೆ ಇನ್ನೊಂದು ಮಾತು ಹುಡುಕುತ್ತಿದ್ದಳು, ಅಷ್ಟರಲ್ಲಿ ತಂದೆ ಎದ್ದು ನಿಂತು ಹೆಂಡತಿಗೆ ಕೈಮುಗಿದರು.

“ತುಂಬಾ ಉಪಕಾರ ಆಯ್ತು, ಟೀಚರಮ್ಮ. ನಾನು ಪಾಸಾದೆ ಅಂತ ನನ್ನ ಹೆಂಡ್ತಿಗೊಂದು ಮಾತು ಹೇಳ್ಬಿಡಿ. ಪಾಪ, ಮನೇಲಿ ಕಾಯ್ತಿರ್ತಾಳೆ.”

 

“ಹೇಳ್ತೀನಿ, ಕೂತ್ಕೊಳ್ಳಿ,” ಎಂದು ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು ಮಗಳತ್ತ ತಿರುಗಿದಳು. “ಓಡೇ, ಆ ಡಾಕ್ಟರನ್ನ ಕರ್ಕೊಂಡ್ ಬಾ. ಇದನ್ನ ನಾನು ಹೇಳ್ಕೊಟ್ಟಿದ್ದಲ್ಲ.”