ತನುಜಾ ಆರಿಸಿದ ಐರನ್

ಮೂರನೆಯ ಚೆಂಡು ಹೊಡೆದಾಗಲೇ ತನುಜಾಗೆ ಗೊತ್ತಾಗಿಹೋಯಿತು, ಈ ಕೋಲೇ ತನ್ನದು ಎಂದು. ಪೆಟ್ಟು ಬಿದ್ದದ್ದೇ ಕೈಗೆ ತಿಳಿಯಲಿಲ್ಲ, ಚೆಂಡು ಮಾತ್ರ ದೂರದ ಬಾವುಟದ ಪಕ್ಕಕ್ಕೆ ಹೋಗಿ ಕೂತಿತ್ತು. ಚಿಕ್ಕಮಗಳೂರಿನ ಆ ಗಾಲ್ಫ್ ಕ್ಲಬ್ಬಿನಲ್ಲಿ ಹೆಂಗಸರ ಕಪ್ ಮೂರು ವರ್ಷದಿಂದ ಅವಳನ್ನು ಬಿಟ್ಟು ಬೇರೆ ಯಾರ ಕೈಗೂ ಹೋಗಿರಲಿಲ್ಲ. ಅಷ್ಟೂ ಆಟವನ್ನು ಅವಳು ಆಡಿದ್ದು ಅಪ್ಪ ಬಳಸಿ ಬಿಟ್ಟ ಐರನ್‌ಗಳಲ್ಲಿ, ಅಂದರೆ ಲೋಹದ ತಲೆಯ ಕೋಲುಗಳಲ್ಲಿ. ಅವುಗಳ ಮುಖದ ಗೀರುಗಳು ಸವೆದು ನುಣ್ಣಗಾಗಿ, ಚೆಂಡು ಬಿದ್ದಲ್ಲಿ ನಿಲ್ಲದೆ ಉರುಳಿಕೊಂಡು ಹೋಗುತ್ತಿತ್ತು. ಮುಂದಿನ ತಿಂಗಳು ಬೆಂಗಳೂರಿನಲ್ಲಿ ರಾಜ್ಯಮಟ್ಟದ ಪಂದ್ಯ. ಈ ಹಳೇ ಕೋಲು ಹಿಡಿದು ಹೋದರೆ ಮೊದಲ ದಿನವೇ ಗಂಟುಮೂಟೆ ಕಟ್ಟಬೇಕಾದೀತು ಎಂದು ಅಪ್ಪನಿಗೆ ಹತ್ತು ಸಲ ಹೇಳಿದ್ದಳು.

ಹಾಗಾಗಿ ಬೆಳಿಗ್ಗೆ ಅತ್ತಿಗುಂಡಿಯ ಎಸ್ಟೇಟಿನಿಂದ ಅಪ್ಪ ರೇಣುಕಪ್ರಸಾದ್ ಫೋನ್ ಮಾಡಿ, "ಹೊಸ ಐರನ್ ಸೆಟ್ ತಗೊಳ್ಳಣ, ನೀನೇ ಬಂದು ಆರ್ಸು ಮಗಳೇ" ಎಂದಾಗ, ಗಂಡನಿಗೆ ತಿಂಡಿ ಬಡಿಸುವುದನ್ನೂ ಅರ್ಧಕ್ಕೆ ಬಿಟ್ಟು ಮೂಡಿಗೆರೆಯಿಂದ ಕ್ಲಬ್ಬಿಗೆ ಕಾರು ಓಡಿಸಿಕೊಂಡು ಬಂದಿದ್ದಳು. ಮದುವೆಯಾಗಿ ಆರು ತಿಂಗಳಾದರೂ ಅಪ್ಪ ತನ್ನ ಆಟವನ್ನು ಮರೆತಿಲ್ಲವಲ್ಲ ಎಂದು ದಾರಿಯುದ್ದಕ್ಕೂ ಹಿಗ್ಗಿದ್ದಳು.

ಬೆಂಗಳೂರಿನಿಂದ ಎರಡು ಸೆಟ್ ತಂದು ತೋರಿಸುತ್ತಿದ್ದ, ಆಟದ ಸಾಮಾನಿನ ಅಂಗಡಿಯ ಚನ್ನಬಸವ ಹೇಳಿದ: "ಆ ದೊಡ್ಡ ತಲೆದು ಎರಕದ್ದು ಮೇಡಂ, ಹೊಸಬ್ರಿಗೆ. ಎಲ್ಲಿ ತಾಗಿದ್ರೂ ಚೆಂಡು ಒಂದಿಷ್ಟು ನೆಟ್ಟಗೆ ಹೋಗುತ್ತೆ. ನಿಮ್ಮ ಕೈಲಿರೋದು ಫೋರ್ಜ್ಡ್, ಬಡಿದು ಮಾಡಿದ್ದು. ನಿಜವಾಗ್ಲೂ ಆಡೋರಿಗೆ ಮಾತ್ರ."

"ಇದೇ ಇರ್ಲಿ," ಎಂದಳು ತನುಜಾ.

ರೇಣುಕಪ್ರಸಾದರ ಮುಖ ಅರಳಿತು. "ನನ್ನ ಮಗಳ ಕಣ್ಣು ತಪ್ಪಲ್ಲ ಅಂತ ಹೇಳ್ಲಿಲ್ವಾ! ಇದನ್ನೇ ಮಾಡ್ಸಿ ಚನ್ನಬಸವ ಅವ್ರೇ. ಅಳಿಯಂದ್ರಿಗೆ ಮೊದಲ್ನೇ ದೀಪಾವಳಿ. ಬೀಗ್ರೆಲ್ಲ ಬರ್ತಾರೆ, ಕೊಟ್ಟಿದ್ದು ಕಣ್ಣಿಗೆ ಕಾಣ್ಬೇಕು."

ಅಪ್ಪ ತಮಾಷೆ ಮಾಡುತ್ತಿಲ್ಲ ಎಂದು ತಿಳಿಯಲು ತನುಜಾಗೆ ಒಂದು ಗಳಿಗೆ ಹಿಡಿಯಿತು. ಗಂಡ ಧರ್ಮೇಶ್ ಆಟ ಕಲಿಯಲು ಶುರುಮಾಡಿ ಎರಡು ತಿಂಗಳೂ ಆಗಿರಲಿಲ್ಲ. ಅವನು ಹೊಡೆದರೆ ಚೆಂಡಿಗಿಂತ ದೂರ ಹೋಗುತ್ತಿದ್ದುದು ಮಣ್ಣಿನ ಹೆಂಟೆ.

"ಇದು ಅವ್ರಿಗಲ್ಲ ಅಪ್ಪ. ಮಧ್ಯಕ್ಕೆ ತಾಗ್ಲಿಲ್ಲ ಅಂದ್ರೆ ಮೊಣಕೈ ತನಕ ಜುಂ ಅನ್ನುತ್ತೆ. ಅವ್ರಿಗೆ ಎರಕದ್ದೇ ಸರಿ."

"ಹೊಸಬ್ರದ್ದು ಕೊಟ್ರೆ, ಅಳಿಯಂದ್ರಿಗೆ ಆಟ ಬರಲ್ಲ ಅಂತ ನಾವೇ ಊರಿಗೆ ಸಾರಿದಂಗಾಗಲ್ವೇನಮ್ಮ?"

"ಮತ್ತೆ ನನ್ನ ಪಂದ್ಯ?"

"ಅವ್ರಿಗೆ ಕೊಟ್ರೆ ನಿಂಗೆ ಕೊಟ್ಟಂಗೇ ಅಲ್ವಾ ಮಾರಾಯ್ತಿ? ಬೇಕಂದ್ರೆ ಅವ್ರನ್ನ ಒಂದ್ ಮಾತು ಕೇಳಿ ತಗೊಂಡು ಹೋಗು. ಬ್ಯಾಡ ಅಂತಾರಾ?"

ಎಷ್ಟು ಅಕ್ಕರೆಯಿಂದ ಹೇಳಿದರೆಂದರೆ, ಜಗಳ ತೆಗೆಯಲು ಎಳೆಯೇ ಸಿಗಲಿಲ್ಲ. ಕೆಟ್ಟ ಅಪ್ಪನಾಗಿದ್ದರೆ ನಾಲ್ಕು ಮಾತು ಆಡಿಯಾದರೂ ಹಗುರಾಗಬಹುದಿತ್ತು. ಈ ಒಳ್ಳೆಯ ಮನುಷ್ಯನನ್ನು ಏನು ಮಾಡುವುದು!

ಚನ್ನಬಸವ ಯಾರ ಮುಖವನ್ನೂ ನೋಡದೆ ಚೀಲದಿಂದ ಒಂದು ಹಾಳೆ ತೆಗೆದ. ಕೋಲಿನ ಹಿಡಿ ಎಷ್ಟು ದಪ್ಪ ಇರಬೇಕೆಂದು ತಿಳಿಯಲು ಆಡುವವರ ಕೈ ಅಳತೆ ಬೇಕಿತ್ತು.

"ಅಳಿಯಂದ್ರ ಕೈ ಎಷ್ಟುದ್ದ ಇದೆ ಸರ್?"

"ನಂಗೇನು ಗೊತ್ತು? ಇವ್ಳನ್ನ ಕೇಳಿ," ಎಂದು ರೇಣುಕಪ್ರಸಾದ್ ನಕ್ಕರು.

ತನುಜಾ ತನ್ನ ಎಡಗೈಯನ್ನು ಹಾಳೆಯ ಮೇಲೆ ಅಗಲಿಸಿಟ್ಟು, ಬೆರಳುಗಳ ಸುತ್ತ ಪೆನ್ನಿನಲ್ಲಿ ಗೆರೆ ಎಳೆದಳು. ಆಮೇಲೆ ಗಂಡನ ಕೈಯನ್ನು ನೆನಪಿಸಿಕೊಂಡು, ಒಂದೊಂದು ಬೆರಳಿಗೂ ಅರ್ಧ ಗೆಣ್ಣು ಹೆಚ್ಚಿಸುತ್ತ, ಆ ಗೆರೆಯ ಹೊರಗೆ ಇನ್ನೊಂದು ಕೈ ಬರೆದಳು. ಹಾಳೆಯನ್ನು ಚನ್ನಬಸವನ ಕಡೆ ಸರಿಸಿದಳು.

"ಒಳಗಿನ ಕೈ ನಂದು, ಗೀಟು ಹೊಡೆದು ಹಾಕಿಬಿಡಿ," ಎಂದಳು. "ಇಲ್ದಿದ್ರೆ ಅಳತೆ ತಪ್ಪುತ್ತೆ."