ಆರಡಿ ಮೂರಂಗುಲ

ಧಡ್ ಎಂದು ತಲೆ ಬಡಿದದ್ದು ದೋಣಿ ಕಟ್ಟುವ ದಕ್ಕೆಯವರೆಗೂ ಕೇಳಿಸಿತು. ಗಾರ್ನೆಟ್ ಜ್ವಿಕರ್ ಹಣೆ ಉಜ್ಜಿಕೊಳ್ಳುತ್ತ ಹಾಯಿದೋಣಿಯ ಕ್ಯಾಬಿನ್ನಿನಲ್ಲಿ ಕುಸಿದು ಕೂತ. ಆರಡಿ ಮೂರಂಗುಲದ ಆಳು. ಕೂಡಿಟ್ಟ ದುಡ್ಡಿಗೆ ಸಿಗುವುದೆಲ್ಲ ಪುಟ್ಟ ದೋಣಿಗಳೇ. ಪುಟ್ಟ ದೋಣಿಗೆ ಸೂರೂ ತಗ್ಗು. ಈ ವಸಂತದಲ್ಲಿ ಲುನೆನ್‌ಬರ್ಗ್ ಬಂದರಿನ ಸುತ್ತ ಅವನು ನೋಡಿದ ಏಳನೆಯ ದೋಣಿ ಇದು.

"ಆಗಲ್ಲ ವರ್ನಾ, ಇದ್ರಲ್ಲೂ ನೆಟ್ಟಗೆ ನಿಲ್ಲೋಕಾಗಲ್ಲ. ಇನ್ನೆರಡು ವರ್ಷ ತಡೆದ್ರೆ ದೊಡ್ಡದೇ ಸಿಗುತ್ತೆ."

ಹೆಂಡತಿ ವರ್ನಾ ಐದಡಿಯವಳು. ಆರಾಮವಾಗಿ ನಿಂತು ಒಲೆಯ ಗುಂಡಿ ತಿರುವಿ ನೋಡುತ್ತಿದ್ದಳು. "ಹತ್ತು ವರ್ಷದಿಂದ ಇದೇ 'ಇನ್ನೆರಡು ವರ್ಷ' ಕೇಳ್ತಿದೀನಿ. ನೀನು ಮೀನಮೇಷ ಎಣಿಸ್ತಾ ಇರು. ಈ ಬೇಸಿಗೆಗೆ ದೋಣಿ ಬರ್ಲಿಲ್ವೋ, ಆ ದುಡ್ಡಲ್ಲಿ ಕಾರಿನ ಹಿಂದೆ ಕಟ್ಟೋ ಕ್ಯಾರವಾನ್ ತಗೊಳ್ಳೋದೇ. ಆಮೇಲೆ ಸಮುದ್ರದ ಮಾತು ಎತ್ತಬಾರ್ದು."

ಗಾರ್ನೆಟ್ ಮತ್ತೆ ಹಣೆ ಉಜ್ಜಿಕೊಂಡ. ಮೂವತ್ತು ವರ್ಷ ಸ್ಕೂಲ್ ಬಸ್ಸು ಓಡಿಸುತ್ತ ಅವನು ಕಂಡದ್ದು ಕ್ಯಾರವಾನಿನ ಕನಸಲ್ಲ. ತಲೆ ಎತ್ತಿದಾಗ, ತನಗೆ ಬಡಿದ ತೊಲೆಯ ಮೇಲೆ, ಒಂದು ಗೇಣು ಪಕ್ಕಕ್ಕೆ, ತಲೆಗೆ ಪೆಟ್ಟಾಗದಂತೆ ಅಂಟಿಸಿದ್ದ ಸವೆದ ಕೆಂಪು ಮೆತ್ತೆಯೊಂದು ಕಾಣಿಸಿತು.

ಕ್ಯಾಬಿನ್ನಿನ ಮೆಟ್ಟಿಲ ಬಳಿ ನಿಂತಿದ್ದ, ದೋಣಿ ಮಾರುತ್ತಿದ್ದ ಮುದುಕ ಈನಸ್ ಕಾರ್ಕಮ್ ವರ್ನಾಳಷ್ಟೇ ಕುಳ್ಳ.

"ಈ ಮೆತ್ತೆ ಯಾರಿಗೆ ಈನಸ್ ಅವ್ರೇ? ನಿಮ್ಮ ತಲೆ ಅಲ್ಲೀವರೆಗೂ ಬರಲ್ವಲ್ಲ!" ಗಾರ್ನೆಟ್ ಕೇಳಿದ.

"ನಮ್ಮವಳಿಗೆ. ಆರಡಿ ದಾಟಿದಾಳೆ ಮಹಾತಾಯಿ. ಇಪ್ಪತ್ತು ಬೇಸಿಗೆ ಇದ್ರಲ್ಲೇ ಸುತ್ತಿದ್ವಿ. ಸಮುದ್ರ ದಾಟಿ ನ್ಯೂಫೌಂಡ್‌ಲ್ಯಾಂಡಿಗೇ ಮೂರು ಸಲ."

"ನೆಟ್ಟಗೆ ನಿಲ್ಲದೇನೇ?"

"ನಿಲ್ಲೋಕೆ ಹೊರಗೆ ಜಾಗ ಇಲ್ವೇನಪ್ಪಾ? ಒಳಗೆ ಬರೋದು ಉಣ್ಣೋಕೆ, ಮಲಗೋಕೆ. ಅವೆರಡನ್ನೂ ನೀನು ನಿಂತ್ಕೊಂಡೇ ಮಾಡ್ತೀಯಾ?"

ವರ್ನಾ ಕಿಸಕ್ಕನೆ ನಕ್ಕಳು. ಗಾರ್ನೆಟ್‌ಗೂ ನಗು ಬಂತು, ಆದರೆ ಹೂಂ ಅನ್ನಲಿಲ್ಲ. "ಮತ್ತೆ ಯಾಕೆ ಮಾರ್ತಿದೀರಿ?"

"ಅವಳ ಮಂಡಿ ಹೋಯ್ತು. ತಲೆ ಗಟ್ಟಿಯಾಗೇ ಇದೆ."

ಅಷ್ಟರಲ್ಲಿ ದಕ್ಕೆಯ ಮೇಲಿಂದ ಅವಳದೇ ಕೂಗು ಬಂತು: "ಟೀ ಆರಿಹೋಗ್ತಿದೆ, ಬನ್ನಿ!" ಕೋಲೂರಿ ನಿಂತಿದ್ದ ಮಾರ್ಗರೀಟ್, ಮೇಲೆ ಹತ್ತಿ ಬಂದ ಗಾರ್ನೆಟ್‌ನ ಹಣೆಯ ಬುಗುಟನ್ನು ಪ್ರೀತಿಯಿಂದ ನೋಡಿದಳು. "ನನಗೂ ಮೊದಲನೇ ದಿನ ಅಲ್ಲೇ ಬಡಿದಿತ್ತು" ಎಂದಳು.

ಮನೆ ಅಲ್ಲೇ ದಡದ ಮೇಲಿತ್ತು. ಅದರ ಬಾಗಿಲು ಏಳಡಿಗೂ ಎತ್ತರ. ಮುಂದೆ ನಡೆದ ಮಾರ್ಗರೀಟ್ ದೋಣಿಯ ಅಭ್ಯಾಸಕ್ಕೆ ಆ ಬಾಗಿಲಲ್ಲೂ ತಲೆ ತಗ್ಗಿಸಿಯೇ ಒಳಗೆ ಹೋದಳು.

ಹಿಂದಿದ್ದ ಗಾರ್ನೆಟ್ ಹೊಸ್ತಿಲಲ್ಲಿ ನಿಂತು ಮೇಲೆ ನೋಡಿದ. ಆಮೇಲೆ "ಹೂಂ ವರ್ನಾ" ಅಂದು, ತಾನೂ ತಲೆ ತಗ್ಗಿಸಿದ.